ಅಟ್ಟದಿಂದ ಇಳಿಸಿದ ತೂಕ

ಅಟ್ಟಕ್ಕೆ ಕಾಯಿ ಚೀಲ ಏರಿಸುವ ಲಿಫ್ಟಿನೊಳಗೆ ಮುಳ್ಳಿನ ತೂಕದ ಯಂತ್ರ ಇಟ್ಟು, ಅದರ ಮೇಲೆ ಬರಿಗಾಲಲ್ಲಿ ನಿಂತ ಸೂರ್ಯಪ್ರಕಾಶ್ ಮೇಷ್ಟ್ರು, "ಹೂಂ, ಏರ್ಸು ಶಿವಣ್ಣ" ಎಂದರು.

"ಇದು ಕಾಯಿಗೆ ಮಾಡ್ಸಿರೋದು ಕಣ್ರೀ ಮೇಷ್ಟ್ರೇ, ಮನುಷ್ಯರ್ಗಲ್ಲ," ಎಂದ ತೋಟ ನೋಡಿಕೊಳ್ಳುವ ಶಿವಣ್ಣ.

"ಫಿಸಿಕ್ಸ್ ಮೇಷ್ಟ್ರಿಗೇ ಪಾಠ ಹೇಳ್ತೀಯೇನ್ಲಾ? ಸ್ವಿಚ್ ಒತ್ತು."

ದ್ರವ್ಯರಾಶಿ ಬೇರೆ, ತೂಕ ಬೇರೆ ಎಂದು ಹೊನ್ನವಳ್ಳಿಯ ಮಕ್ಕಳ ಮುಂದೆ ರಿಟೈರಾಗುವವರೆಗೂ ಗಂಟಲು ಹರಿದುಕೊಂಡಿದ್ದ ಮೇಷ್ಟ್ರಿಗೆ ಆ ಪಾಠದ ಉಪಯೋಗ ಹೊಳೆದದ್ದು ಈ ವಾರ. ತಿಪಟೂರಿನ ಡಾಕ್ಟರು ಅವರ ಹೃದಯ ಪರೀಕ್ಷಿಸಿ, ತೊಂಬತ್ತಾರು ಕೆಜಿಯನ್ನು ತೊಂಬತ್ತರ ಒಳಗೆ ತರಲೇಬೇಕು ಎಂದಿದ್ದರು. ಹೆಂಡತಿ ಮಂಗಳಾ ಆವತ್ತೇ ಹೆದರಿ ಅರ್ಧ ಆಗಿದ್ದಳು. ಮೇಷ್ಟ್ರು ಮಾತ್ರ ಪೂರ್ತಿ ಉಳಿದಿದ್ದರು. ಶೆಟ್ಟಿಕೆರೆಯ ತವರಿಗೆ ಹೋದವಳು ಇವತ್ತು ಬರುವವಳಿದ್ದಳು. ವಿಡಿಯೋ ಕಾಲ್‌ನಲ್ಲಿ ಮುಳ್ಳು ತೊಂಬತ್ತರ ಕೆಳಗೆ ಕಂಡರೆ ಕಾಯಿ ಹೋಳಿಗೆ, ಇಲ್ಲದಿದ್ದರೆ ಸೌತೆಕಾಯಿಯೇ ಗತಿ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಹೊಟ್ಟೆ ಕರಗಿಸುವುದು ಕಷ್ಟದ ಕೆಲಸ. ಆದರೆ ಲಿಫ್ಟು ಜರ್ರನೆ ಕೆಳಗೆ ಹೊರಟ ಆ ಒಂದು ಕ್ಷಣ ಮುಳ್ಳು ತಾನಾಗಿಯೇ ಇಳಿಯುತ್ತದೆ. ಹನಿ ಬೆವರೂ ಖರ್ಚಿಲ್ಲ.

ಅಟ್ಟದ ಮಟ್ಟ ತಲುಪಿ ಮೇಷ್ಟ್ರು ಕಾಲ್ ಮಾಡಿದರು. ಶಿವಣ್ಣನಿಗೆ ಕಣ್ಸನ್ನೆ ಮಾಡಿ, ಫೋನನ್ನು ಮುಳ್ಳಿನ ಕಡೆ ತಿರುಗಿಸಿದರು. ಲಿಫ್ಟು ಇಳಿಯತೊಡಗಿತು.

"ಎಂಬತ್ತೆಂಟು! ನೋಡ್ದೇನೇ?"

"ಏನೂ ಕಾಣ್ಲಿಲ್ಲ ಕಣ್ರೀ, ನೆಟ್‌ವರ್ಕ್ ನಿಂತೋಯ್ತು. ಇನ್ನೊಂದ್ಸಲ ತೋರ್ಸಿ. ಅದೇನದು ಗುರ್ ಅಂತೈತೆ?"

"ಪಕ್ಕದ ತೋಟದ ಮೋಟ್ರು ಕಣೇ."

ಮತ್ತೆ ಮೇಲೆ, ಮತ್ತೆ ಕೆಳಗೆ. ಮಂಗಳಾಗೆ ಒಮ್ಮೆ ಕಾಲ್ಬೆರಳು ಕಂಡಿತು, ಒಮ್ಮೆ ಅದೂ ಇಲ್ಲ. ಮೋಟಾರಿನಿಂದ ಸುಟ್ಟ ವಾಸನೆ ಬಂತು. "ಸಾಕು ಬುಡಿ ಮೇಷ್ಟ್ರೇ, ಹಗ್ಗ ಬಿಚ್ಕೋತೈತೆ," ಎಂದು ಶಿವಣ್ಣ ಅಂಗಲಾಚಿದ. ಹೋಳಿಗೆಯ ಮುಂದೆ ಹಗ್ಗ ಯಾವ ಲೆಕ್ಕ? "ಇದೊಂದೇ ಸಲ" ಎಂದರು ಮೇಷ್ಟ್ರು.

ಹಗ್ಗ ತುಂಡಾಗುವುದಕ್ಕೂ ನೆಟ್‌ವರ್ಕ್ ಬರುವುದಕ್ಕೂ ಸರಿಹೋಯಿತು. ಮಂಗಳಾ ಈ ಸಲ ಸ್ಪಷ್ಟವಾಗಿ ನೋಡಿದಳು: ಮುಳ್ಳು ಸೊನ್ನೆಯ ಮೇಲಿತ್ತು. ತೂಕ ಹೋದದ್ದು ಅಟ್ಟದಿಂದ ನೆಲದವರೆಗೆ ಮಾತ್ರ. ದ್ರವ್ಯರಾಶಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದೆ ಜೊತೆಗೇ ಬಂದು ಬಿತ್ತು. ಕೆಳಗೆ ತೆಂಗಿನ ಮಟ್ಟೆಯ ರಾಶಿ ಇದ್ದದ್ದರಿಂದ ಜೀವ ಉಳಿಯಿತು, ಎಡಗಾಲು ಮುರಿಯಿತು. ಮಟ್ಟೆಗಳ ನಡುವೆ ಬಿದ್ದ ಫೋನು ಒಂದೇ ಸಮನೆ ಕೂಗುತ್ತಿತ್ತು: "ರೀ! ಸೊನ್ನೆ ತೋರುಸ್ತಲ್ರೀ! ಇದ್ದೀರೇನ್ರೀ?"

ಆಗಲೇ ಆಟೋದಲ್ಲಿ ಊರ ಹತ್ತಿರ ಬಂದಿದ್ದ ಮಂಗಳಾ ಓಡಿಬಂದಾಗ ಶಿವಣ್ಣನೂ ಪಕ್ಕದ ತೋಟದ ಮೂವರೂ ಏದುಸಿರು ಬಿಡುತ್ತಾ ಮೇಷ್ಟ್ರನ್ನು ಹೊತ್ತು ಜಗಲಿಗೆ ತರುತ್ತಿದ್ದರು. ಅವಳು ಗಂಡನ ಎದೆಯ ಮೇಲೆ ಕೈಯಿಟ್ಟು, ಅದು ಬಡಿಯುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ಮನಸಾರೆ ಅತ್ತಳು. ಮೇಷ್ಟ್ರ ಕಣ್ಣು ಅವಳ ಕೈಲಿದ್ದ ಡಬ್ಬಿಯ ಮೇಲಿತ್ತು. ನಂಬಿಕೆಯಿಂದ ಬೆಳಿಗ್ಗೆಯೇ ಮಾಡಿಟ್ಟಿದ್ದಳು ಪಾಪ. ತುಪ್ಪದ ಘಮ ಬರುತ್ತಿತ್ತು.

"ನೋಡ್ದಲ್ಲ ಮಂಗಳಾ... ತೊಂಬತ್ತರ ಕೆಳ್ಗೇ ಇತ್ತು," ಎಂದು ನರಳಿದರು.

ಮಂಗಳಾ ಕಣ್ಣೊರೆಸಿಕೊಂಡು ಡಬ್ಬಿ ತೆಗೆದಳು. ಹೊತ್ತು ತಂದವರ ಕೈಗೆ ಎರಡೆರಡು ಹೋಳಿಗೆ ಹಾಕಿದಳು.

"ತಿನ್ರಪ್ಪ. ಸೊನ್ನೆ ಕೆಜಿ ಹೊತ್ಕೊಂಡ್ ಬಂದು ಸುಸ್ತಾಗಿದ್ದೀರ."