ಕೆಂಪು ದಾರದ ಲೋಟ

ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೋಪಿಯನ್ನು ಅಕ್ಕ ಮಾತ್ರೆಯ ಮೇಲಿಟ್ಟು ಒತ್ತಿದಳು. ಕಿರಕ್ ಎಂದಿತು, ಅಷ್ಟೇ. ಪುಡಿಯನ್ನು ಬಿಸಿ ಹಾಲಿಗೆ ಉದುರಿಸಿದಳು. ಕಹಿ ಗೊತ್ತಾಗದಿರಲೆಂದು ಸಕ್ಕರೆ ಸುರಿದು, ಲೋಟದ ಕೊರಳಿಗೆ ಕೆಂಪು ದಾರದ ಕುಣಿಕೆ ತೊಡಿಸಿದಳು. ಪಕ್ಕದ ಲೋಟಕ್ಕೂ ಅಷ್ಟೇ ಸಕ್ಕರೆ. ಅದಕ್ಕೆ ದಾರವಿಲ್ಲ. ಅದು ತನ್ನದು.

ದಾರ ಕಟ್ಟುವುದು ಆ ಹೊಲಿಗೆ ಅಂಗಡಿಯಲ್ಲಿ ಅಮ್ಮನ ಕಾಲದಿಂದ ಬಂದ ಪದ್ಧತಿ. ಒಂದೇ ಬಣ್ಣದ ಹತ್ತು ಅಂಗಿ ರಾಶಿ ಬಿದ್ದಿದ್ದರೂ ಗಿರಾಕಿಗೊಂದು ಬಣ್ಣದ ದಾರ. ದಾರ ನೋಡಿ ಬಟ್ಟೆ ಕೊಡುವುದು, ಬಟ್ಟೆ ನೋಡಿ ಅಲ್ಲ. ಹಾಗಾಗಿ ಒಬ್ಬರ ಬಟ್ಟೆ ಇನ್ನೊಬ್ಬರ ಮನೆ ಸೇರಿದ್ದೇ ಇಲ್ಲ. ಅಕ್ಕನಿಗೆ ಆ ಬಗ್ಗೆ ಎಲ್ಲಿಲ್ಲದ ಜಂಬ.

ಅಲ್ಲಿ ಕತ್ತರಿ ತಂಗಿಯದು, ಮಿಷನ್ನು ಅಕ್ಕನದು. ತಂಗಿ ಕತ್ತರಿಸಿದ ಬಟ್ಟೆ ಮೈಗೆ ಕೂರುತ್ತಿದ್ದ ಬಗೆಗೇ ಗಿರಾಕಿಗಳು ಬರುತ್ತಿದ್ದರು. ಹೊಲಿಗೆ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ತಂಗಿ ಮಂಕು ಬಡಿದು ಹಾಸಿಗೆ ಹಿಡಿದಳು. ಡಾಕ್ಟರು ಖಿನ್ನತೆಗೆಂದು ಬೆಳಗಿನ ಮಾತ್ರೆ ಬರೆದುಕೊಟ್ಟರು. ಅವಳು ನಿಧಾನವಾಗಿ ಚೇತರಿಸಿಕೊಂಡಳು. ಚೇತರಿಸಿಕೊಂಡದ್ದೇ ತಪ್ಪಾಯಿತು. ದೂರದ ಊರಿನ ನಾಟಕ ಕಂಪನಿಯೊಂದು ವೇಷದ ಬಟ್ಟೆ ಕತ್ತರಿಸಲು ಕರೆಯಿತು. ತಂಗಿ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು.

"ಮೊದಲು ಮಾತ್ರೆ ಬಿಡು, ಆಮೇಲೆ ಊರು ಬಿಡು," ಎಂದರು ಡಾಕ್ಟರು. "ಒಂದೇ ಸಲ ನಿಲ್ಲಿಸಬಾರದು. ಚೂರು ಚೂರೇ ಕಮ್ಮಿ ಮಾಡಬೇಕು. ತಲೆ ಸುತ್ತಬಹುದು, ಮೈಗೆ ಕರೆಂಟು ಹೊಡೆದ ಹಾಗಾಗಬಹುದು. ತೀರಾ ತಡೆಯಕ್ಕಾಗದಿದ್ರೆ ಮಾತ್ರ ಈ ಚಿಕ್ಕ ಮಾತ್ರೆ ತಗೋ, ಗಾಬರಿ ಇಳಿಸುತ್ತೆ. ದಿನಾ ಬೇಡ. ಅಭ್ಯಾಸ ಆಗಿಬಿಟ್ರೆ ಇದನ್ನ ಬಿಡೋದು ಅದಕ್ಕಿಂತ ಕಷ್ಟ."

ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ ಆ ಕೊನೆಯ ಮಾತು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ತಂಗಿಯ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಮೇಜಿನ ಆಚೆ ಕೂತು ಕತ್ತರಿ ಆಡಿಸುವ ತಂಗಿಯ ಮೇಲೆ ಮಾತ್ರ.

ತಂಗಿ ಬೆಳಗಿನ ಮಾತ್ರೆಯನ್ನು ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ತುಂಡು ಮಾಡಿ, ಡಾಕ್ಟರು ಹೇಳಿದಂತೆ ಇಳಿಸುತ್ತಾ ಬಂದಳು. ಚಿಕ್ಕ ಮಾತ್ರೆಯ ಡಬ್ಬಿ ಅಕ್ಕನ ವಶದಲ್ಲಿತ್ತು. "ಪಾಪ, ಒಂದು ರಾತ್ರಿನೂ ತಡೀತಿಲ್ಲ ಡಾಕ್ಟ್ರೇ," ಎಂದು ಫೋನಿನಲ್ಲಿ ಅತ್ತು ಅತ್ತು ಹೊಸ ಚೀಟಿ ಪಡೆಯುತ್ತಿದ್ದಳು. ದಿನಾ ಸಂಜೆ ಹಾಲು ಬೆರೆಸಿಟ್ಟು, ಹೊರಗೆ ಹೋಗಿ ಶಟರ್ ಎಳೆದು ಬರುವಳು. ಅಷ್ಟರಲ್ಲಿ ತಂಗಿ ಎರಡೂ ಲೋಟಗಳನ್ನು ಕತ್ತರಿಸುವ ಮೇಜಿಗೆ ತಂದಿಟ್ಟಿರುತ್ತಿದ್ದಳು.

"ದಾರ ಇರೋದು ನಿಂದು. ಕೆನೆ ಜಾಸ್ತಿ ಹಾಕಿದೀನಿ. ನೀನು ಗಟ್ಟಿಯಾಗಬೇಕಲ್ಲ."

"ನೀನೂ ದಣಿದಿದೀಯ ಅಕ್ಕ. ಕೆನೆ ನಿಂಗೂ ಬೇಕು."

ಅಕ್ಕ ನಕ್ಕು ತನ್ನ ಲೋಟ ಬರಿದು ಮಾಡುತ್ತಿದ್ದಳು. ಎಷ್ಟು ಸಕ್ಕರೆ ಹಾಕಿದರೂ ಈಚೆಗೆ ಅವಳ ಬಾಯಿ ಕಹಿ.

ಫಲ ಬೇಗನೇ ಕಂಡಿತು. ತಂಗಿ ಹಗಲಲ್ಲೂ ತೂಕಡಿಸತೊಡಗಿದಳು. ಕತ್ತರಿ ಕೈಜಾರಿ ಬೀಳುತ್ತಿತ್ತು. ಗಿರಾಕಿಗಳು "ಅಯ್ಯೋ ಪಾಪ" ಎಂದಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ರೋಗಿಯನ್ನು ನೋಡಿಕೊಳ್ಳುವುದೆಂದರೆ ಸುಮ್ಮನೆಯೇ? ಅವಳೂ ಬಳಲಿದ್ದಳು. ಅಂಗಿಯೊಂದರ ತೋಳನ್ನು ತಲೆಕೆಳಗಾಗಿ ಹೊಲಿದಳು. ಹಳೆಯ ಗಿರಾಕಿಯ ಹೆಸರು ಮರೆತಳು. ರಾತ್ರಿ ಮಾತ್ರ ದಿಂಬಿಗೆ ತಲೆ ಕೊಟ್ಟರೆ ಕೊರಡಿನಂಥ ನಿದ್ದೆ. ಅಂದುಕೊಂಡದ್ದು ಕೈಗೂಡುತ್ತಿರುವಾಗ ಯಾರಿಗೆ ನಿದ್ದೆ ಬರುವುದಿಲ್ಲ?

ನಡುವೆ ಒಮ್ಮೆ ತಂಗಿ ಗೆಳತಿಯ ಮನೆಯಲ್ಲಿ ಉಳಿದಳು. ಒಬ್ಬಳಿಗೆ ಯಾಕೆಂದು ಅಕ್ಕ ಹಾಲು ಕಾಯಿಸಲಿಲ್ಲ. ಆ ರಾತ್ರಿ ಅವಳಿಗೆ ಎದೆ ಡವಡವ, ಮೈಯೆಲ್ಲ ಬೆವರು, ಕೈ ನಡುಕ; ಕಣ್ಣಿಗೆ ಕಣ್ಣು ಹತ್ತಲಿಲ್ಲ. ತಂಗಿಯಿಲ್ಲದ ಮನೆ ಹೀಗಿರುತ್ತದೆಂದು ಖಾತ್ರಿಯಾಯಿತು. ಮರುದಿನದಿಂದ ಒಂದರ ಬದಲು ಎರಡು ಮಾತ್ರೆ ಪುಡಿ ಮಾಡಿದಳು.

ಬೆಳಗಿನ ಮಾತ್ರೆಯ ಕೊನೆಯ ಚೂರೂ ಮುಗಿಯಿತು. ಊರು ಬಿಡಬಹುದೇ ಎಂದು ಡಾಕ್ಟರು ಕೊನೆಯದಾಗಿ ನೋಡಿ ಹೇಳಬೇಕಿತ್ತು. ತಂಗಿಯ ತೂಕಡಿಕೆಯನ್ನು ಬಣ್ಣಿಸಿ ಹೇಳಲು ಅಕ್ಕನೂ ಜೊತೆಗೆ ಹೊರಡುವವಳಿದ್ದಳು. ಆದರೆ ಅವಳಿಗೆ ಎಚ್ಚರವೇ ಆಗಲಿಲ್ಲ. ಎದ್ದು ಅಂಗಡಿಗೆ ಬರುವಷ್ಟರಲ್ಲಿ ಬಿಸಿಲು ಮೇಜಿನವರೆಗೆ ಬಂದಿತ್ತು. ಮೇಜಿನ ಪಕ್ಕ ಸೂಟ್‌ಕೇಸು. ಅದರ ಪಕ್ಕ ತಂಗಿ, ನೆಟ್ಟಗೆ ನಿಂತಿದ್ದಳು. ಅವಳ ಕಣ್ಣಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ.

"ಡಾಕ್ಟರು ಹೋಗಬಹುದು ಅಂದ್ರು. ಆ ಚಿಕ್ಕ ಮಾತ್ರೆಗೆ ಇನ್ನು ಚೀಟಿ ಕೊಡಲ್ವಂತೆ. ಡಬ್ಬೀಲಿ ಉಳಿದಿದ್ದನ್ನೂ ವಾಪಸ್ ಕೊಟ್ಟು ಬಂದೆ."

ಅಕ್ಕ ಕಣ್ಣುಜ್ಜಿಕೊಂಡಳು. "ಅಲ್ಲಾ... ನೀನು ಹಗಲೆಲ್ಲ ತೂಕಡಿಸ್ತಿದ್ದೆಯಲ್ಲೇ!"

"ನಾಟಕದವರ ಜೊತೆ ಕೆಲಸ ಮಾಡಬೇಕಲ್ಲ ಅಕ್ಕ. ಸ್ವಲ್ಪ ಕಲ್ತುಕೊಂಡೆ."

ತಂಗಿ ಮೇಜಿನ ಮೇಲಿದ್ದ ಬೆರಳಿನ ಟೋಪಿಯನ್ನು ತೆಗೆದು ಅಕ್ಕನ ಅಂಗೈಗಿಟ್ಟಳು. ಅದರ ಪುಟ್ಟ ಪುಟ್ಟ ಗುಳಿಗಳಲ್ಲಿ ಬಿಳಿ ಪುಡಿ ಮೆತ್ತಿಕೊಂಡಿತ್ತು. "ಒಂದು ದಿನಾನೂ ತೊಳೀಲಿಲ್ಲ ನೀನು," ಎಂದಳು. ಅಕ್ಕನ ಕೈ ಆಗಲೇ ನಡುಗುತ್ತಿತ್ತು. ಟೋಪಿ ಜಾರಿ ಮಿಷನ್ನಿನ ಕೆಳಗೆ ಉರುಳಿತು.

ಆ ನಡುಗುವ ಬೆರಳಿಗೆ ಕೆಂಪು ದಾರದ ಕುಣಿಕೆಯನ್ನು ತೊಡಿಸಿ ತಂಗಿ ಸೂಟ್‌ಕೇಸು ಎತ್ತಿಕೊಂಡಳು: "ನೀನು ಶಟರ್ ಎಳೆಯೋಕೆ ಹೋದಾಗಲೆಲ್ಲ ಈ ದಾರ ಇನ್ನೊಂದು ಲೋಟಕ್ಕೆ ಹೋಗ್ತಿತ್ತು ಅಕ್ಕ, ಒಂದೇ ಸಲ ನಿಲ್ಲಿಸಬಾರದು ಅಂತ ಡಾಕ್ಟರು ಹೇಳಿದ್ದು ನೆನಪಿದೆ ತಾನೇ?"