ಅಂಟಿನುಂಡೆ

ಪಾದದ ಉರಿಗೆಂದು ಡಾಕ್ಟರು ಕೊಡುತ್ತಿದ್ದ ಪುಡಿಗೆ ಸರ್ಕಾರದ ಒಪ್ಪಿಗೆ ಇರಲಿಲ್ಲ. ಅದನ್ನು ತಿಂದ ಚಂಪಕ್ಕನ ಗಂಡನಿಗೆ ಉರಿಯೇನೋ ಹೋಯಿತು, ಜೊತೆಗೆ ಕಾಲಿನ ಸ್ಪರ್ಶಜ್ಞಾನವೂ ಹೋಯಿತು. ಕೆಂಡ ತುಳಿದದ್ದೂ ತಿಳಿಯದೆ ಪಾದವನ್ನೇ ಕಳೆದುಕೊಂಡ.

ರೋಗಿಗಳು ಕಿಕ್ಕಿರಿದಿದ್ದ ಹೊತ್ತು ನೋಡಿ ಚಂಪಕ್ಕ ಡಬ್ಬಿ ಹಿಡಿದು ದವಾಖಾನೆಗೆ ಬಂದಳು.

"ಅಂಟಿನುಂಡಿ ತಿನ್ರಿ ಡಾಕ್ಟರ, ನಿಮಗಂತನ ಕಟ್ಟೇನಿ."

ಡಾಕ್ಟರು ಒಂದನ್ನು ಮರ್ಯಾದೆಗೆ ತಿಂದರು, ಇನ್ನೊಂದನ್ನು ಆಸೆಗೆ.

"ನಿಮ್ಮ ಪುಡಿಯಿಂದ ಏನೂ ತ್ರಾಸಿಲ್ಲಲ್ರಿ?"

"ಛೆ ಛೆ, ಹಸುಗೂಸಿಗೂ ಕೊಡಬಹುದು ಬಿಡವಾ!"

"ಹಂಗಾರ ಚಲೋ ಆತು. ಮನ್ಯಾಗ ಉಳಿದ ಪುಡೀನೆಲ್ಲಾ ಈ ಉಂಡ್ಯಾಗ ಹಾಕೇನ್ರಿ."

ಡಾಕ್ಟರು ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ತುರುಕಿಕೊಂಡರು. ಅವರು ಕಕ್ಕುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು.

ಚಂಪಕ್ಕ ರೋಗಿಗಳತ್ತ ಡಬ್ಬಿ ಚಾಚಿದಳು. "ನೀವು ತಗೋರಿ, ಹೆದರಬ್ಯಾಡ್ರಿ. ಇದರಾಗ ಬರೀ ಅಂಟು, ಬೆಲ್ಲ, ಕೊಬ್ರಿ ಐತಿ."