ನಲವತ್ತೆರಡನೇ ಪುಟ

"ಗಡಿಯಾರ ಎಲ್ಲಮ್ಮಾ?" ಎಂದು ಹೊರಗಿನಿಂದ ಬಂದಿದ್ದ ಪರೀಕ್ಷಕ ಮಧುಸೂದನ್ ಕೇಳಿದಾಗ ಪ್ರೇರಣಾಳ ಮುಂದಿನ ಪರದೆಯ ಮೇಲೆ ಇದ್ದದ್ದು ಎರಡೇ ಸಾಲು. ಕರ್ನಲ್ ಲೋಡ್ ಆಯಿತು ಎಂಬುದು ಒಂದು, ಮೆಮೊರಿ ಎಷ್ಟಿದೆ ಎಂಬುದು ಇನ್ನೊಂದು. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ.

ಆ ಎರಡು ಸಾಲಿಗೆ ಅವಳು ತಿಂಗಳುಗಟ್ಟಲೆ ಒದ್ದಾಡಿದ್ದಳು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನ ವೇಷ ಹಾಕುವ ಎಮ್ಯುಲೇಟರ್ ಒಂದನ್ನು ಬಿಟ್ಟರೆ, ಅದರಲ್ಲಿ ಮೊದಲು ಕಣ್ಣು ಬಿಡುವ ಪುಟ್ಟ ಬೂಟ್‌ಲೋಡರ್, ಅದು ಕೈಹಿಡಿದು ಕರೆತರುವ, ಮುಂದೆ ಇಡೀ ಯಂತ್ರವನ್ನು ನಡೆಸುವ ಕರ್ನಲ್, ಎರಡೂ ಅವಳೇ ಬರೆದವು. ನೂರಾರು ಸಲ ನಡುವೆ ಮುಗ್ಗರಿಸಿ ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದದ್ದು, ಮೊನ್ನೆ ಶುಕ್ರವಾರ ನೆಟ್ಟಗೆ ನಿಂತು ಮಾತಾಡಿತ್ತು.

ತಾಪತ್ರಯವೆಂದರೆ, ಪ್ರಾಜೆಕ್ಟ್ ರೆಕಾರ್ಡ್ ಬೈಂಡಾಗಿ ಆಗಲೇ ತಿಂಗಳಾಗಿತ್ತು. ಕಪ್ಪು ರಟ್ಟು, ಬಂಗಾರದ ಬಣ್ಣದಲ್ಲಿ '೨೦೦೪', ನಾಲ್ಕು ಪ್ರತಿ. ಆಗ ಕರ್ನಲ್ ಏಳುತ್ತಲೇ ಇರಲಿಲ್ಲ. ಫಲಿತಾಂಶದ ಪುಟ ಖಾಲಿ ಬಿಡುವ ಹಾಗಿಲ್ಲ, ಸದ್ಯಕ್ಕೆ ಏನಾದರೂ ಚಿತ್ರ ಹಾಕು, ಓಡಿಸುವುದು ಆಮೇಲೆ ನೋಡೋಣ ಎಂದಿದ್ದರು ಅವಳ ಗೈಡ್ ಭೋಜರಾಜ. ಅವಳು ನೀಲಿ ಪರದೆ, ಬಣ್ಣದ ಮೆನು, ಮೂಲೆಯಲ್ಲೊಂದು ದುಂಡು ಗಡಿಯಾರ ಬಿಡಿಸಿ ನಲವತ್ತೆರಡನೇ ಪುಟಕ್ಕೆ ಹಾಕಿದ್ದಳು. ಹೇಗೂ ಸುಳ್ಳು, ಚೆನ್ನಾಗಾದರೂ ಇರಲಿ ಅಂತ.

ಮಧುಸೂದನ್ ಕೋಡಂಬಾಕ್ಕಂನ ಹಳೇ ಕನ್ನಡ ಮನೆಯವರು, ಮಾತಿನ ನಡುವೆ ತಮಿಳು ನುಸುಳುತ್ತಿತ್ತು. ಹುಡುಗಿ ನಮ್ಮವಳು ಎಂದು ಗೊತ್ತಾಗಿ ಊರು, ಅಪ್ಪನ ರೈಲ್ವೆ ಕೆಲಸ, ಎಲ್ಲ ವಿಚಾರಿಸಿದ್ದರು. ಪುಟ ತೆರೆದದ್ದೇ ಆ ನೆಂಟಸ್ತನ ಮುಗಿಯಿತು.

"ರೆಕಾರ್ಡ್‌ನಲ್ಲಿ ಒಂದು, ಇಲ್ಲಿ ಒಂದು ಇದ್ರೆ ನಾನು ಎಪ್ಪಡಿಮ್ಮಾ ಸೈನ್ ಹಾಕೋದು? ಟಿಫನ್ ಮುಗಿಸಿ ಬರ್ತೀನಿ. ರೆಕಾರ್ಡ್‌ನಲ್ಲಿರೋದು ತೋರ್ಸು, ಪಾಸು. ಇಲ್ದಿದ್ರೆ ನವೆಂಬರ್‌ಗೆ ವಾಮ್ಮಾ."

ಜೂನ್‌ನಲ್ಲಿ ಅವಳು ಕೆಲಸಕ್ಕೆ ಸೇರಬೇಕಿತ್ತು. ನವೆಂಬರ್ ತನಕ ಯಾರೂ ಕುರ್ಚಿ ಖಾಲಿ ಇಟ್ಟುಕೊಂಡು ಕಾಯುವುದಿಲ್ಲ. ಆದರೂ, ಮಧುಸೂದನ್ ಹೊರಗೆ ಹೋದಮೇಲೆ, ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ ಎಂದಳು ಗೈಡ್ ಹತ್ತಿರ. ಭೋಜರಾಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಹೇಳಮ್ಮ, ಹೇಳು. ಆ ನಾಲ್ಕು ಪ್ರತೀಲೂ 'ಪರಿಶೀಲಿಸಿದ್ದೇನೆ' ಅಂತ ಸಹಿ ಹಾಕಿರೋನು ನಾನು. ಸುಮ್ನೆ ಆ ಚಿತ್ರಾನೇ ಪರದೆ ತುಂಬಾ ತೆಗೆದಿಡು."

"ಗಡಿಯಾರ ಓಡಲ್ಲ ಸಾರ್."

"ಅವರದು ಓಡ್ತಾ ಇದೆ ಕಣಮ್ಮ. ಇನ್ನೂ ಹದಿನೆಂಟು ಜನ ಬಾಕಿ."

ಮಧುಸೂದನ್ ಕೈ ಒರೆಸಿಕೊಳ್ಳುತ್ತಾ ಬಂದರು. ರೆಕಾರ್ಡನ್ನು ಪರದೆಯ ಪಕ್ಕಕ್ಕೆ ಹಿಡಿದು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು. ನೀಲಿ ಸರಿಯಿತ್ತು, ಮೆನು ಸರಿಯಿತ್ತು, ಗಡಿಯಾರದಲ್ಲಿ ಎರಡು ಕಡೆಯೂ ಹತ್ತು ಗಂಟೆ ಹತ್ತು ನಿಮಿಷ. ತೃಪ್ತಿಯಿಂದ ಸಹಿ ಹಾಕಿದರು.

"ಇದು ನಿನ್ನ ಸ್ವಂತ ಕೆಲಸ ಅಂತ ನೋಡಿದ್ರೇ ಗೊತ್ತಾಗುತ್ತೆ. ಮೊದಲು ತೋರ್ಸಿದ್ಯಲ್ಲ, ಆ ಕಪ್ಪಗಿರೋದು, ಅದು ಎಲ್ಲಿಂದ ಕಾಪಿ ಹೊಡ್ದೆ?"

ಪ್ರೇರಣಾ ಗೈಡ್ ಕಡೆ ತಿರುಗಿದಳು. ಅವರು ಕಿಟಕಿಯಾಚೆ ನೋಡುತ್ತಿದ್ದರು.

"ನೆಟ್‌ನಿಂದ, ಸಾರ್."

ಮಧುಸೂದನ್ ಮುಖ ಅರಳಿತು. ತಮ್ಮ ಇಷ್ಟು ವರ್ಷದ ಸರ್ವೀಸಿನಲ್ಲಿ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ ವಿದ್ಯಾರ್ಥಿ ಇವಳೊಬ್ಬಳೇ ಎಂದು ಭೋಜರಾಜರಿಗೆ ಹೇಳಿ, ಮಾರ್ಕಿನ ಹಾಳೆಯಲ್ಲಿ ಎಪ್ಪತ್ತೆಂಟನ್ನು ಹೊಡೆದುಹಾಕಿ, ಪ್ರಾಮಾಣಿಕತೆಗೆಂದು ಐದು ಸೇರಿಸಿ ಎಂಬತ್ತಮೂರು ಮಾಡಿದರು.